ಎಚ್ಚರಿಕೆಯ ಗಂಟೆ

ಹಿಂದಿನ ಕಾಲದಲ್ಲಿ ಕೋಟೆಯ ಹುಡೆಯ ಮೇಲೆ ಕಾವಲಿಗೆ ನಿಂತವನು, ದೂರದಲ್ಲಿ ಶತ್ರುಸೈನ್ಯದ ಧೂಳು ಕಂಡೊಡನೆ ಕಹಳೆಯನ್ನು ಊದುತ್ತಿದ್ದನು. ಅದನ್ನು ಕೇಳಿದ ಜನರು ಕೋಟೆಯ ಬಾಗಿಲನ್ನು ಮುಚ್ಚಿ ರಕ್ಷಣೆಗೆ ಸಿದ್ಧರಾಗುತ್ತಿದ್ದರು. ಇಂದು ಕಹಳೆಯ ಸ್ಥಾನದಲ್ಲಿ ಅಗ್ನಿಶಾಮಕ ವಾಹನದ ಗಂಟೆ, ಕಾರ್ಖಾನೆಯ ಸೈರನ್, ರೈಲುಮಾರ್ಗದ ಕೆಂಪು ದೀಪ ಮೊದಲಾದವು ಬಂದಿವೆ. ಇವುಗಳ ರೂಪ ಬೇರೆ ಬೇರೆ. ಉದ್ದೇಶ ಮಾತ್ರ ಒಂದೇ. ಅಪಾಯವು ಬಂದೆರಗುವ ಮುನ್ನ ಪಾರಾಗಲು ಸ್ವಲ್ಪ ಕಾಲಾವಕಾಶವನ್ನು ಒದಗಿಸುವುದೇ ಆ ಉದ್ದೇಶ.

ಈ ಕಾಲಾವಕಾಶದ ಬೆಲೆಯನ್ನು ಸಮುದ್ರತೀರದ ಜನರು ಚೆನ್ನಾಗಿ ಬಲ್ಲರು. 1864ರ ಅಕ್ಟೋಬರ್ ತಿಂಗಳಿನಲ್ಲಿ ಭೀಕರ ಚಂಡಮಾರುತವೊಂದು ಕಲ್ಕತ್ತಾ ನಗರದ ಮೇಲೆ ಬೀಸಿತು. ಬಂದರಿನಲ್ಲಿದ್ದ ಹಡಗುಗಳು ನುಚ್ಚುನೂರಾದವು; ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಮರುವರ್ಷವೇ, ಎಂದರೆ 1865ರಲ್ಲಿ, ಆ ಬಂದರಿನಲ್ಲಿ ಬಿರುಗಾಳಿಯ ಮುನ್ನೆಚ್ಚರಿಕೆ ನೀಡುವ ವ್ಯವಸ್ಥೆಯು ಆರಂಭವಾಯಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆಯು ಸ್ಥಾಪಿತವಾಯಿತು.

ಮಂಗಳೂರು, ಕಾರವಾರ ಮೊದಲಾದ ಬಂದರುಗಳಿಗೂ ಹವಾಮಾನ ಇಲಾಖೆಯಿಂದ ಇಂತಹ ಸೂಚನೆಗಳು ಬರುತ್ತವೆ. ಹಗಲಿನಲ್ಲಿ ಶಂಕುವಿನ ಹಾಗೂ ಉರುಳೆಯ ಆಕಾರದ ವಸ್ತುಗಳನ್ನು, ರಾತ್ರಿಯಲ್ಲಿ ಕೆಂಪು ಮತ್ತು ಬಿಳಿಯ ದೀಪಗಳನ್ನು ಎತ್ತರದ ಕಂಬಕ್ಕೆ ಏರಿಸುವುದು ಇದರ ಕ್ರಮ. ಈ ಸಂಕೇತಗಳು ಒಟ್ಟು 11. ಒಂದನೆಯದು ದೂರದ ಸಮುದ್ರದಲ್ಲಿ ವಾಯುಭಾರ ಕುಸಿದಿರುವುದನ್ನು ತಿಳಿಸುತ್ತದೆ. ಸಂಖ್ಯೆಯು ಏರಿದಂತೆ ಅಪಾಯವೂ ಹೆಚ್ಚುತ್ತದೆ. 8, 9 ಮತ್ತು 10 ಮಹಾ ಅಪಾಯದ ಸಂಕೇತಗಳು. ಹನ್ನೊಂದನೆಯದರ ಅರ್ಥ ವಿಶಿಷ್ಟವಾದುದು. ಹವಾಮಾನ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ, ಹವೆಯು ಕೆಡುವ ಭಯವಿದೆ ಎಂಬುದನ್ನು ಅದು ಸೂಚಿಸುತ್ತದೆ. ಸುದ್ದಿ ಬಾರದಿರುವುದನ್ನು ಕ್ಷೇಮವೆಂದು ತಿಳಿಯಬಾರದೆಂಬ ವಿವೇಕವು ಇದರಲ್ಲಿ ಅಡಗಿದೆ.

ಆದರೆ ಸಂಕೇತವು ತಾನಾಗಿ ಯಾರನ್ನೂ ಉಳಿಸಲಾರದು. 1999ರ ಅಕ್ಟೋಬರ್ 29ರಂದು ಒಡಿಶಾದ ತೀರವನ್ನು ಮಹಾಚಂಡಮಾರುತವು ಅಪ್ಪಳಿಸಿತು. ಅದರ ಆಗಮನವನ್ನು ಹವಾಮಾನ ಇಲಾಖೆಯು ಮುಂಚಿತವಾಗಿಯೇ ತಿಳಿಸಿತ್ತು. ಆದರೂ ಎಷ್ಟೋ ಜನರು ಮನೆ ಬಿಟ್ಟು ಕದಲಲಿಲ್ಲ. ಕದಲಬೇಕೆಂದರೂ ಆಶ್ರಯ ನೀಡಬಲ್ಲ ಭದ್ರವಾದ ಕಟ್ಟಡಗಳು ಅತಿ ವಿರಳವಾಗಿದ್ದವು. ಸುಮಾರು 10,000 ಜನರು ಮಡಿದರು. ಈ ದುರಂತದಿಂದ ರಾಜ್ಯವು ಪಾಠ ಕಲಿಯಿತು. ತೀರದುದ್ದಕ್ಕೂ ಆಶ್ರಯಧಾಮಗಳು ಎದ್ದವು. ಗ್ರಾಮಗಳ ಯುವಕರಿಗೆ ತರಬೇತಿ ದೊರೆಯಿತು. 2013ರ ಅಕ್ಟೋಬರ್ 12ರಂದು 'ಫೈಲಿನ್' ಚಂಡಮಾರುತವು ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಅದೇ ರಾಜ್ಯಕ್ಕೆ ನುಗ್ಗಿತು. ಅಷ್ಟರಲ್ಲಿ ಸುಮಾರು 10 ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಮನೆಗಳು ಉರುಳಿದವು, ಬೆಳೆಗಳು ನಾಶವಾದವು. ಆದರೆ ಮೃತರ ಸಂಖ್ಯೆ 50ನ್ನು ಮುಟ್ಟಲಿಲ್ಲ.

ಎಚ್ಚರಿಕೆಯು ಫಲಿಸಬೇಕಾದರೆ ಜನರಿಗೆ ಅದರಲ್ಲಿ ನಂಬಿಕೆಯಿರಬೇಕು. 'ಹುಲಿ ಬಂತು ಹುಲಿ' ಎಂದು ಸುಮ್ಮನೆ ಕೂಗುತ್ತಿದ್ದ ಹುಡುಗನ ನೆರವಿಗೆ, ನಿಜವಾಗಿ ಹುಲಿ ಬಂದಾಗ ಯಾರೂ ಓಡಿಬರಲಿಲ್ಲ. ಸಕಾರಣವಿಲ್ಲದೆ ರೈಲಿನ ಅಪಾಯಸೂಚಕ ಸರಪಳಿಯನ್ನು ಎಳೆಯುವುದು ಶಿಕ್ಷಾರ್ಹ ಅಪರಾಧವಾಗಿರುವುದೂ ಸುಮ್ಮನಲ್ಲ. ವಿನೋದಕ್ಕಾಗಿ ಗಂಟೆ ಬಾರಿಸುವವನು ಮುಂದೆ ಬರುವ ನಿಜವಾದ ಕರೆಯ ಬಲವನ್ನೇ ಕುಂದಿಸುತ್ತಾನೆ.

ಅಪಾಯವನ್ನು ಮೊದಲೇ ಅರಿಯುವುದು ವಿಜ್ಞಾನದ ಕೆಲಸ. ಅದನ್ನು ಎಲ್ಲರಿಗೂ ಮುಟ್ಟಿಸುವುದು ಆಡಳಿತದ ಹೊಣೆ. ಕೇಳಿದೊಡನೆ ಎದ್ದು ನಡೆಯುವುದು, ನಡೆಯಲಾರದ ನೆರೆಯವರನ್ನು ಜೊತೆಗೆ ಕರೆದೊಯ್ಯುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.