ನೆಲದಡಿಯ ನೀರು ಯಾವ ಕಡೆಗೆ ಹರಿಯುತ್ತದೆ?

ನೀರು ತಗ್ಗಿನ ಕಡೆಗೆ ಹರಿಯುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಮಳೆ ಬಂದಾಗ ಬೀದಿಯ ನೀರು ಹಳ್ಳಕ್ಕೂ ಹಳ್ಳದ ನೀರು ಕೆರೆಗೂ ಸೇರುವುದು ಕಣ್ಣಿಗೆ ಕಾಣುತ್ತದೆ. ಆದರೆ ನೆಲದೊಳಗೆ ಇಂಗಿದ ನೀರಿಗೂ ಒಂದು ದಾರಿ, ಒಂದು ನಡಿಗೆ ಉಂಟು. ಬಾವಿಯ ನೀರು ನಿಂತ ನೀರೆಂದೇ ಅನೇಕರ ಭಾವನೆ. ಅದು ನಿಂತ ನೀರಲ್ಲ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಅದು ಸರಿಯುತ್ತಲೇ ಇರುತ್ತದೆ. ಹೀಗೆ ಸರಿಯುವಾಗ ತಿಪ್ಪೆಯ ಸಾರವನ್ನೂ ಪಾಯಿಖಾನೆ ಗುಂಡಿಯ ಕೊಳೆಯನ್ನೂ ಜೊತೆಗೆ ಒಯ್ಯುತ್ತದೆ. ಆದ್ದರಿಂದ ಅದರ ದಿಕ್ಕನ್ನೂ ವೇಗವನ್ನೂ ಅಳೆಯುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ನಮ್ಮ ಸೀಮೆಯ ನೆಲ

ರಾಯದುರ್ಗ, ಮಡಕಶಿರಾ ಎರಡೂ ಕನ್ನಡದ ಗಡಿಸೀಮೆಗಳು. 2022ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು; ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ನೆಲದ ಗುಣ ಒಂದೇ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಕೆಳಗೆ ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿಕಲ್ಲು. ಈ ಕಲ್ಲಿನ ಮೇಲ್ಭಾಗ ಸವೆದು ಗರಸಾಗಿದೆ. ಬಾವಿಗಳಿಗೆ ನೀರು ಬರುವುದು ಈ ಗರಸಿನಿಂದ. ಇನ್ನೂ ಆಳದಲ್ಲಿ ಕಲ್ಲಿನ ಬಿರುಕುಗಳೇ ನೀರಿನ ದಾರಿ. ಕೊಳವೆಬಾವಿಗಳು ಇವನ್ನು ನಂಬಿಕೊಂಡಿವೆ.

ಎರಡು ಬಗೆಯ ದೋಷ

ನಮ್ಮ ನೀರಿನಲ್ಲಿ ಮುಖ್ಯವಾಗಿ ಎರಡು ದೋಷಗಳುಂಟು. ಒಂದು ಫ್ಲೋರೈಡ್. ಇದು ಬಹುಮಟ್ಟಿಗೆ ಕಲ್ಲಿನಿಂದಲೇ ಕರಗಿ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ ಬಿಗಿಯುತ್ತದೆ. ಇನ್ನೊಂದು ನೈಟ್ರೇಟ್. ಇದು ತಿಪ್ಪೆ, ಚರಂಡಿ, ಗೊಬ್ಬರಗಳಿಂದ ಇಳಿಯುವಂಥದು. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮಿತಿ ಮೀರಿದರೆ ಹಸುಗೂಸುಗಳಿಗೆ ಅಪಾಯ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ.

2014ರಲ್ಲಿ ಸ್ವಚ್ಛ ಭಾರತ ಯೋಜನೆ ಆರಂಭವಾದ ಮೇಲೆ ಮನೆಮನೆಯಲ್ಲಿ ಪಾಯಿಖಾನೆ ಗುಂಡಿಗಳಾದವು. ಇದು ಒಳ್ಳೆಯ ಕೆಲಸವೇ. ಆದರೆ ಗುಂಡಿಯಿಂದ ಇಂಗಿದ ನೀರು ಯಾರ ಬಾವಿಯ ಕಡೆಗೆ ಹೊರಟಿದೆ ಎಂದು ಕೇಳುವವರು ವಿರಳ.

ಮೂರು ಬಾವಿಗಳ ಲೆಕ್ಕ

ದಿಕ್ಕನ್ನು ತಿಳಿಯಲು ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಗಳು ಬೇಕು. ಅವುಗಳನ್ನು ಕ, ಖ, ಗ ಎನ್ನೋಣ. ಮೊದಲು ಮೂರೂ ಬಾವಿಗಳ ಕಟ್ಟೆಯ ಎತ್ತರವನ್ನು ಹೋಲಿಸಬೇಕು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಉದ್ದನೆಯ ಕೊಳವೆ ಇದಕ್ಕೆ ಸಾಕು. ಬಳಿಕ ತೂಕ ಕಟ್ಟಿದ ಅಳತೆಯ ಪಟ್ಟಿಯನ್ನು ಇಳಿಬಿಟ್ಟು, ಕಟ್ಟೆಯಿಂದ ನೀರು ಎಷ್ಟು ಆಳದಲ್ಲಿದೆಯೆಂದು ನೋಡಬೇಕು. ಕಟ್ಟೆಯ ಎತ್ತರದಲ್ಲಿ ಈ ಆಳವನ್ನು ಕಳೆದರೆ ನೀರಿನ ಮಟ್ಟ ಸಿಗುತ್ತದೆ.

ಒಂದು ಉದಾಹರಣೆ:

ಕ: ಕಟ್ಟೆ 100.00 ಮೀಟರ್, ಆಳ 8.00, ನೀರಿನ ಮಟ್ಟ 92.00
ಖ: ಕಟ್ಟೆ 101.20 ಮೀಟರ್, ಆಳ 10.20, ನೀರಿನ ಮಟ್ಟ 91.00
ಗ: ಕಟ್ಟೆ 99.40 ಮೀಟರ್, ಆಳ 9.40, ನೀರಿನ ಮಟ್ಟ 90.00

ಕ ಮತ್ತು ಗ ಬಾವಿಗಳ ನಡುವಿನ ದೂರ 100 ಮೀಟರ್. ಖ ಬಾವಿ ಇವೆರಡಕ್ಕೂ ಸಮದೂರದಲ್ಲಿದೆ. ಕ-ಗ ರೇಖೆಯ ನಡುಬಿಂದುವಿನಲ್ಲಿ ನೀರಿನ ಮಟ್ಟ 91.00 ಇರಬೇಕಷ್ಟೆ. ಖ ಬಾವಿಯಲ್ಲಿಯೂ ಅಷ್ಟೇ ಇದೆ. ಇವೆರಡನ್ನೂ ಕೂಡಿಸಿದ ಗೆರೆ ಸಮಮಟ್ಟದ ಗೆರೆ. ನೀರು ಈ ಗೆರೆಗೆ ಲಂಬವಾಗಿ, ಎತ್ತರದಿಂದ ತಗ್ಗಿಗೆ ಸಾಗುತ್ತದೆ. ಅಂದರೆ ಕ ಬಾವಿಯ ಕಡೆಯಿಂದ ನೇರವಾಗಿ ಗ ಬಾವಿಗೆ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ನೆಲವನ್ನು ಕಣ್ಣಳತೆಯಿಂದ ನೋಡಿದವರು, ಖ ಬಾವಿಯ ಕಟ್ಟೆ ಎಲ್ಲಕ್ಕಿಂತ ಎತ್ತರದಲ್ಲಿದೆಯೆಂದು ಅಲ್ಲಿನ ಕೊಳೆಯನ್ನೇ ದೂರುತ್ತಾರೆ. ಗ ಬಾವಿಗೆ ಅಪಾಯ ಬರುವುದು ಕ ಬಾವಿಯ ಬಳಿಯ ತಿಪ್ಪೆಯಿಂದ. ನೆಲದ ಇಳಿಜಾರು ಬೇರೆ, ನೀರಿನ ಇಳಿಜಾರು ಬೇರೆ.

ವೇಗದ ಲೆಕ್ಕ

ಫ್ರಾನ್ಸಿನ ದಿಜೋನ್ ನಗರದ ನೀರು ಸರಬರಾಜಿಗೆ ದುಡಿದ ಹೆನ್ರಿ ಡಾರ್ಸಿ ಎಂಬ ಇಂಜಿನಿಯರು 1856ರಲ್ಲಿ ಮರಳಿನ ಮೂಲಕ ನೀರು ಸಾಗುವ ನಿಯಮವನ್ನು ಪ್ರಕಟಿಸಿದರು. ಅದರಿಂದ ದೊರೆಯುವ ಸೂತ್ರವಿದು: ನೀರು ಹಾಯಿಸುವ ಗುಣವನ್ನು ಇಳಿಜಾರಿನಿಂದ ಗುಣಿಸಿ, ರಂಧ್ರಾಂಶದಿಂದ ಭಾಗಿಸಿದರೆ ವೇಗ. ನಮ್ಮ ಉದಾಹರಣೆಯಲ್ಲಿ ಇಳಿಜಾರು 100 ಮೀಟರಿಗೆ 2 ಮೀಟರ್, ಎಂದರೆ 0.02. ಗರಸು ನೀರು ಹಾಯಿಸುವ ಗುಣ ದಿನಕ್ಕೆ 1 ಮೀಟರ್, ರಂಧ್ರಾಂಶ 0.05 ಎಂದು ಇಟ್ಟುಕೊಂಡರೆ ವೇಗ ದಿನಕ್ಕೆ 0.4 ಮೀಟರ್. ತಿಪ್ಪೆಯ ಸಾರ 100 ಮೀಟರ್ ಸಾಗಲು 250 ದಿನ ಬೇಕು. ಇಂದು ಪರೀಕ್ಷೆಯಲ್ಲಿ ಚೆನ್ನಾಗಿ ಕಂಡ ನೀರು ಮುಂದಿನ ವರ್ಷ ಕೆಡಬಹುದೆಂಬುದು ಇದರಿಂದ ತಿಳಿಯುತ್ತದೆ.

ನೀರು ಹಾಯಿಸುವ ಗುಣವನ್ನು ಸ್ಥಳದಲ್ಲೇ ಅಳೆಯಬಹುದು. ಪರೀಕ್ಷೆಯ ಕಿರುಬಾವಿಯೊಳಗೆ ಮರಳು ತುಂಬಿ ಬಾಯಿ ಮುಚ್ಚಿದ ಕೊಳವೆಯ ತುಂಡನ್ನು ಥಟ್ಟನೆ ಇಳಿಸಿದರೆ ನೀರು ಮೇಲೇರುತ್ತದೆ. ಅದು ಮೊದಲಿನ ಮಟ್ಟಕ್ಕೆ ಎಷ್ಟು ಬೇಗ ಮರಳುತ್ತದೆಂಬುದರಿಂದ ಗುಣವನ್ನು ಲೆಕ್ಕಹಾಕುತ್ತಾರೆ. ಇನ್ನೊಂದು ಉಪಾಯ ಉಪ್ಪು ಅಥವಾ ಬಣ್ಣ ಬೆರೆಸಿ ನೋಡುವುದು. 1877ರಲ್ಲಿ ಜರ್ಮನಿಯಲ್ಲಿ ಡಾನ್ಯೂಬ್ ನದಿಯ ನೀರು ಇಂಗಿಹೋಗುವ ಕಡೆ ಬಣ್ಣ, ಉಪ್ಪುಗಳನ್ನು ಹಾಕಿದಾಗ, ಸುಮಾರು 12 ಕಿಲೋಮೀಟರ್ ದೂರದ ಆಖ್ ಎಂಬ ಬುಗ್ಗೆಯಲ್ಲಿ ಅವು ಎರಡು ಮೂರು ದಿನಗಳಲ್ಲೇ ಕಾಣಿಸಿಕೊಂಡವು. ಅದು ಸುಣ್ಣಕಲ್ಲಿನ ನಾಡು. ಒಳಗೆ ಗವಿಗಳೇ ಇರುವುದರಿಂದ ಅಷ್ಟು ವೇಗ. ಈ ಪ್ರಯೋಗ ತಜ್ಞರದು. ಕುಡಿಯುವ ಬಾವಿಗೆ ಏನನ್ನೂ ಹಾಕಕೂಡದು.

ಎಚ್ಚರಿಕೆಗಳು

ಮೋಟಾರು ಓಡುತ್ತಿರುವಾಗ ಸುತ್ತಲಿನ ನೀರು ಅದರ ಕಡೆಗೇ ತಿರುಗುತ್ತದೆ. ಆದ್ದರಿಂದ ಮೋಟಾರುಗಳು ನಿಂತು ಹಲವು ಗಂಟೆ ಕಳೆದ ಮೇಲೆ, ಮೂರೂ ಬಾವಿಗಳನ್ನು ಒಂದೇ ದಿನ ಅಳೆಯಬೇಕು. ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಅಳೆದರೆ ದಿಕ್ಕು ಬದಲಾಗುವುದೂ ಕಾಣಬಹುದು. ಆಳದ ಬಿರುಕುಗಳಲ್ಲಿ ಈ ಲೆಕ್ಕ ತಪ್ಪಬಹುದು. ಅಲ್ಲಿ ಹೆಚ್ಚು ಬಾವಿಗಳ ಅಳತೆ ಬೇಕು. ಬಾವಿಯ ಬಳಿಗೆ ಹಿರಿಯರಿಲ್ಲದೆ ಯಾರೂ ಹೋಗಬಾರದು.

ಇದೆಲ್ಲ ದೊಡ್ಡವರ ವಿದ್ಯೆಯೆಂದು ಹಿಂಜರಿಯಬೇಕಾಗಿಲ್ಲ. 2003ರ ನಂತರದ ವರ್ಷಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನ ಯೋಜನೆಯೊಂದರಲ್ಲಿ, ಅನಂತಪುರವೂ ಸೇರಿ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳ ರೈತರು ಮಳೆಯನ್ನೂ ಬಾವಿಯ ನೀರಿನ ಮಟ್ಟವನ್ನೂ ತಾವೇ ಅಳೆದು ಬರೆದಿಟ್ಟರು. ಆ ಲೆಕ್ಕ ನೋಡಿ ಯಾವ ಬೆಳೆ ಇಡಬೇಕೆಂದು ಮಾತಾಡಿಕೊಂಡರು. ಹೊಲದ ನೀರಿಗಾಗಿ ಅವರು ಮಾಡಿದ್ದನ್ನು ಕುಡಿಯುವ ನೀರಿಗಾಗಿ ನಾವೂ ಮಾಡಬಹುದು. ಹೊಸ ಗುಂಡಿ ತೋಡುವ ಮೊದಲು ನೀರಿನ ದಿಕ್ಕು ಗೊತ್ತಿದ್ದರೆ, ಅದನ್ನು ಬಾವಿಯ ಕೆಳಮಗ್ಗುಲಿಗೆ ಇಡಿಸುವುದಕ್ಕೆ ಒಂದು ಮಾತು ಸಾಕು. ತೋಡಿದ ಮೇಲೆ ಕೆಟ್ಟ ನೀರನ್ನು ತಿದ್ದುವುದು ವರ್ಷಗಳ ಕೆಲಸ.

ಅಭ್ಯಾಸ

1. ನಿಮ್ಮ ಊರಿನ ಮೂರು ಬಾವಿಗಳ ನಕ್ಷೆ ಬರೆದು, ಸುತ್ತಲಿನ ತಿಪ್ಪೆ ಮತ್ತು ಗುಂಡಿಗಳನ್ನು ಗುರುತಿಸಿರಿ.
2. ಮೇಲಿನ ಉದಾಹರಣೆಯಲ್ಲಿ ಮೋಟಾರು ಓಡಿ ಕ ಬಾವಿಯ ನೀರು 12 ಮೀಟರ್ ಆಳಕ್ಕೆ ಇಳಿಯಿತೆನ್ನಿರಿ. ಆಗ ಖ ಬಾವಿಯ ಬಳಿಯ ಗುಂಡಿಯ ನೀರು ಯಾವ ಬಾವಿಯತ್ತ ತಿರುಗುತ್ತದೆ? ಗೆರೆ ಎಳೆದು ತೋರಿಸಿರಿ.