ಇಂಗ್ಲಿಷಿನ ಗುಣವಾಚಕಗಳೂ ಅವುಗಳ ಜೊತೆಗಾರರೂ

(ಅಂತಿಮ ಬಿ. ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಕಳೆದ ಬೇಸಿಗೆಯ ರಜೆಯಲ್ಲಿ ನಾನೊಂದು ಸಣ್ಣ ಕೆಲಸದ ಸಂದರ್ಶನಕ್ಕೆ ಹೋಗಿದ್ದೆನು. ನಿನಗೆ ಇಂಗ್ಲಿಷು ಚೆನ್ನಾಗಿ ಬರುತ್ತದೆಯೇ ಎಂದು ಎದುರಿಗೆ ಕುಳಿತಿದ್ದವರು ಇಂಗ್ಲಿಷಿನಲ್ಲಿಯೇ ಕೇಳಿದರು. ನಾನು ಧೈರ್ಯ ತಂದುಕೊಂಡು, 'ಐ ಆ್ಯಮ್ ಗುಡ್ ಇನ್ ಇಂಗ್ಲಿಷ್' ಎಂದೆನು. ಅವರು ಏನನ್ನೂ ಹೇಳಲಿಲ್ಲ; ಪಕ್ಕದವರ ಮುಖ ನೋಡಿ ಮುಗುಳ್ನಕ್ಕರು. ಆ ಮೇಲೆ ಕೇಳಿದ ಪ್ರಶ್ನೆಗಳಿಗೆ ನನ್ನ ಬಾಯಿ ಏಳಲಿಲ್ಲ. ಕೆಲಸವೂ ಸಿಕ್ಕಲಿಲ್ಲ. ಆ ನಗೆಯ ಅರ್ಥವೇನೆಂದು ಕೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ? ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಾಲೇಜು ತೆರೆದ ಮೇಲೆ ನಮ್ಮ ಉಪನ್ಯಾಸಕರೊಬ್ಬರಲ್ಲಿ ಕೇಳಿದೆನು. "'ಇನ್' ಅಲ್ಲ, 'ಆ್ಯಟ್' ಆಗಬೇಕಿತ್ತು. ಆದರೆ ನಿನ್ನ ಬಾಯಿಗೆ 'ಇನ್' ಏಕೆ ಬಂತೆಂಬುದನ್ನು ಯೋಚಿಸು, ಪಾಠವಿರುವುದು ಅಲ್ಲಿ" ಎಂದರು. ಹಾಗೆ ಯೋಚಿಸಿದುದರ ಫಲವೇ ಈ ಪುಟ್ಟ ಲೇಖನ.

ನಾನು 'ಇನ್' ಎಂದುದಕ್ಕೆ ಕಾರಣ ನನ್ನ ಕನ್ನಡ. 'ಇಂಗ್ಲಿಷಿನಲ್ಲಿ ಜಾಣ' ಎನ್ನುವುದು ನಮ್ಮ ರೂಢಿ. 'ಅಲ್ಲಿ' ಎಂಬ ಸಪ್ತಮೀ ವಿಭಕ್ತಿಯನ್ನು ನಾನು 'ಇನ್' ಎಂದು ಬದಲಾಯಿಸಿದೆನು, ಅಷ್ಟೆ. ಶಾಲೆಯ ವಿಷಯಗಳನ್ನು ಕುರಿತು 'ಗುಡ್ ಇನ್' ಎನ್ನುವ ಬಳಕೆ ಅಮೆರಿಕದಲ್ಲಿ ಉಂಟು. ಆದರೆ ನಾವು ಕಲಿಯುವ ಬ್ರಿಟಿಷ್ ಬಳಕೆಯಲ್ಲಿ ನೈಪುಣ್ಯಕ್ಕೆ 'ಗುಡ್ ಆ್ಯಟ್' ಎನ್ನುವುದೇ ರೂಢಿ.

ಕನ್ನಡದಲ್ಲಿ ನಾಮಪದದ ಕೊನೆಗೆ ವಿಭಕ್ತಿ ಪ್ರತ್ಯಯ ಅಂಟುತ್ತದೆ: ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ. ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ಬಹುಮಟ್ಟಿಗೆ ನಾಮಪದದ ಮುಂಚೆ ಬರುವ ಬಿಡಿ ಪದಗಳು ಮಾಡುತ್ತವೆ. ಅವೇ ಪ್ರಿಪೊಸಿಷನ್ನುಗಳು. ಇವನ್ನು ಉಪಸರ್ಗಗಳೆಂದು ಕರೆಯುವುದುಂಟು. ಸಂಸ್ಕೃತದ ಉಪಸರ್ಗ ಬೇರೆಯಾದುದರಿಂದ ಇಲ್ಲಿ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿದ್ದೇನೆ.

ಇಂಗ್ಲಿಷು ಮೊದಲಿನಿಂದಲೂ ಹೀಗಿರಲಿಲ್ಲ. 1066 ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಹಳೆಯ ಇಂಗ್ಲಿಷಿನಲ್ಲಿ ವಿಭಕ್ತಿ ಪ್ರತ್ಯಯಗಳಿದ್ದವು. ಮುಂದಿನ ಕೆಲವು ಶತಮಾನಗಳಲ್ಲಿ ಅವು ಸವೆದುಹೋದವು. ಅವುಗಳ ಭಾರ ಪ್ರಿಪೊಸಿಷನ್ನುಗಳ ಹೆಗಲಿಗೆ ಬಿತ್ತು. 'ತುಂಬಿದ' ಎಂಬ ಅರ್ಥದ 'ಫುಲ್' ಎಂಬ ಪದ ಹಳೆಯ ಇಂಗ್ಲಿಷಿನಲ್ಲಿ ಷಷ್ಠೀ ವಿಭಕ್ತಿಯನ್ನು ಬಯಸುತ್ತಿತ್ತು. ಇಂದು ಅದು 'ಫುಲ್ ಆಫ್' ಆಗಿದೆ. ಆದುದರಿಂದ ಪ್ರಿಪೊಸಿಷನ್ ಎಂದರೆ ಬೇರೆ ಲೋಕದ ವಸ್ತುವೆಂದು ಹೆದರಬೇಕಾಗಿಲ್ಲ. ವಿಭಕ್ತಿಯ ಕೆಲಸವನ್ನೇ ಅದು ಬೇರೆ ಉಡುಪಿನಲ್ಲಿ ಮಾಡುತ್ತದೆ.

ತೊಡಕಿರುವುದು ಇಷ್ಟರಲ್ಲಿ: ನಮ್ಮ ಒಂದು ಪ್ರತ್ಯಯಕ್ಕೆ ಅವರ ಒಂದೇ ಪದ ಎಂಬ ಲೆಕ್ಕ ಸರಿಹೊಂದುವುದಿಲ್ಲ. ನಾವು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನು ನೋಡೋಣ. 'ಅವರಿಗೆ ನನ್ನ ಮೇಲೆ ಕೋಪ' ಎನ್ನುವ ನಾವು 'ಆ್ಯಂಗ್ರಿ ಆನ್ ಮಿ' ಎನ್ನುತ್ತೇವೆ. ಆಗಬೇಕಾದುದು 'ಆ್ಯಂಗ್ರಿ ವಿತ್ ಮಿ'. 'ರಾಮನೊಡನೆ ಮದುವೆ' ಎಂಬುದನ್ನು 'ಮ್ಯಾರೀಡ್ ವಿತ್' ಮಾಡುತ್ತೇವೆ. ಅಲ್ಲಿ ಬೇಕಾದುದು 'ಟು'. 'ಹಾವಿನಿಂದ ಭಯ' ಎಂಬುದು 'ಅಫ್ರೇಡ್ ಫ್ರಮ್' ಆಗಿಬಿಡುತ್ತದೆ. ಸರಿಯಾದುದು 'ಅಫ್ರೇಡ್ ಆಫ್'. 'ನನಗಿಂತ ಹಿರಿಯ' ಎಂಬುದು 'ಸೀನಿಯರ್ ದ್ಯಾನ್ ಮಿ' ಆಗುತ್ತದೆ. ಇಲ್ಲಿಯೂ 'ಟು' ಬರಬೇಕು. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಎಂಬ ಪದಗಳು ಲ್ಯಾಟಿನ್ನಿನಲ್ಲಿಯೇ ತರತಮ ರೂಪ ಪಡೆದು ಬಂದವು. ಇಂಗ್ಲಿಷಿನ 'ದ್ಯಾನ್' ಅವಕ್ಕೆ ಒಗ್ಗಲಿಲ್ಲ. ಹಾಗೆಂದು ಕನ್ನಡ ಯಾವಾಗಲೂ ದಾರಿ ತಪ್ಪಿಸುತ್ತದೆಂದಲ್ಲ. 'ಸಂಗೀತದಲ್ಲಿ ಆಸಕ್ತಿ' ಎಂಬುದಕ್ಕೆ 'ಇಂಟರೆಸ್ಟೆಡ್ ಇನ್' ಸರಿಯಾಗಿ ಹೊಂದುತ್ತದೆ.

ಪ್ರಿಪೊಸಿಷನ್ ಬದಲಾದರೆ ಅರ್ಥವೇ ಬದಲಾಗುವ ಸಂದರ್ಭಗಳೂ ಉಂಟು. 'ಗುಡ್ ಆ್ಯಟ್' ಎಂದರೆ ಒಂದು ಕೆಲಸದಲ್ಲಿ ನಿಪುಣ; 'ಗುಡ್ ಫಾರ್' ಎಂದರೆ ಹಿತಕರವಾದುದು; 'ಗುಡ್ ಟು' ಎಂದರೆ ಒಬ್ಬರೊಡನೆ ದಯೆಯಿಂದ ನಡೆದುಕೊಳ್ಳುವವನು; 'ಗುಡ್ ವಿತ್ ಚಿಲ್ಡ್ರನ್' ಎಂದರೆ ಮಕ್ಕಳನ್ನು ಒಲಿಸಿಕೊಳ್ಳಬಲ್ಲವನು. ದಾರಿ ನನಗೆ ಗೊತ್ತು ಎನ್ನುವಾಗ 'ಐ ಆ್ಯಮ್ ಫೆಮಿಲಿಯರ್ ವಿತ್ ದಿಸ್ ರೋಡ್'. ಅದನ್ನೇ ದಾರಿಯ ಕಡೆಯಿಂದ ಹೇಳುವಾಗ 'ದಿಸ್ ರೋಡ್ ಈಸ್ ಫೆಮಿಲಿಯರ್ ಟು ಮಿ'.

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಇನ್ನೊಂದು ನಿದರ್ಶನವನ್ನು ಬಲ್ಲರು. ನಮ್ಮ ಸಂವಿಧಾನದ 75 ನೆಯ ಅನುಚ್ಛೇದದ ಪ್ರಕಾರ ಕೇಂದ್ರ ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. 164 ನೆಯ ಅನುಚ್ಛೇದದ ಪ್ರಕಾರ ರಾಜ್ಯದ ಮಂತ್ರಿಮಂಡಲವು ವಿಧಾನಸಭೆಗೆ ಹೊಣೆ. ಎರಡೆಡೆಯೂ ಇಂಗ್ಲಿಷ್ ಪಾಠದಲ್ಲಿರುವುದು 'ರೆಸ್ಪಾನ್ಸಿಬಲ್ ಟು'. ಅದರ ಬದಲು 'ಫಾರ್' ಎಂದು ಬರೆದರೆ, ಮಂತ್ರಿಗಳು ಸಭೆಗೆ ಉತ್ತರ ಹೇಳಬೇಕಾದವರು ಎಂಬ ಅರ್ಥ ಹೋಗಿ, ಸಭೆಯನ್ನು ನೋಡಿಕೊಳ್ಳುವ ಹೊಣೆ ಅವರದು ಎಂಬ ಅರ್ಥ ಬರುತ್ತದೆ! ಯಾರಿಗೆ ಉತ್ತರ ಹೇಳಬೇಕೋ ಅಲ್ಲಿ 'ಟು', ಯಾವುದರ ಹೊಣೆಯೋ ಅಲ್ಲಿ 'ಫಾರ್'. ಕನ್ನಡದಲ್ಲಿ 'ಸಭೆಗೆ ಹೊಣೆ', 'ನಷ್ಟಕ್ಕೆ ಹೊಣೆ' ಎಂದು ಎರಡು ಕಡೆಯೂ ಚತುರ್ಥಿಯೇ ಸಾಕಾಗುವುದರಿಂದ ನಾವು ಇಲ್ಲಿ ಎಡವುತ್ತೇವೆ.

ಪ್ರಿಪೊಸಿಷನ್ನಿನ ಮುಂದೆ ಕ್ರಿಯಾಪದ ಬಂದರೆ ಅದು 'ಇಂಗ್' ಸೇರಿಸಿಕೊಂಡು ನಾಮಪದದಂತೆ ಆಗಬೇಕು: 'ಫಾಂಡ್ ಆಫ್ ರೀಡಿಂಗ್', 'ಗುಡ್ ಆ್ಯಟ್ ಸ್ವಿಮಿಂಗ್', 'ಕೇಪಬಲ್ ಆಫ್ ಡೂಯಿಂಗ್'. ಈ ನಿಯಮ ನಮಗೆ ಹೊಸದೇನೂ ಅಲ್ಲ. ನಾವು 'ಓದು' ಎಂಬ ಧಾತುವನ್ನು 'ಓದುವುದು' ಎಂದು ಮಾಡಿಕೊಂಡ ಮೇಲಲ್ಲವೇ 'ಓದುವುದರಲ್ಲಿ ಆಸಕ್ತಿ' ಎನ್ನುವುದು? 'ಏಬಲ್ ಟು ಡೂ' ಎಂಬಲ್ಲಿ ಬರುವ 'ಟು' ಮಾತ್ರ ಪ್ರಿಪೊಸಿಷನ್ ಅಲ್ಲ, ಕ್ರಿಯಾಪದದ ಗುರುತು. ಆದುದರಿಂದ ಅಲ್ಲಿ 'ಇಂಗ್' ಇಲ್ಲ.

ನೆನಪಿಗೆ ಅನುಕೂಲವಾಗಲೆಂದು ಕೆಲವನ್ನು ಗುಂಪು ಮಾಡಿಕೊಳ್ಳಬಹುದು. ನೈಪುಣ್ಯವನ್ನು ಹೇಳುವ ಗುಡ್, ಬ್ಯಾಡ್, ಕ್ಲೆವರ್ ಪದಗಳೊಡನೆ 'ಆ್ಯಟ್'. ನಡವಳಿಕೆಯನ್ನು ಹೇಳುವ ಕೈಂಡ್, ರೂಡ್, ಕ್ರೂಯಲ್, ಪೊಲೈಟ್ ಪದಗಳೊಡನೆ 'ಟು'. ಮನಸ್ಸಿನ ಭಾವವನ್ನು ಹೇಳುವ ಫಾಂಡ್, ಪ್ರೌಡ್, ಅಶೇಮ್ಡ್, ಅಫ್ರೇಡ್ ಪದಗಳೊಡನೆ 'ಆಫ್'. ಚಿಂತೆಯನ್ನು ಹೇಳುವ ವರೀಡ್, ಆ್ಯಂಕ್ಷಸ್ ಪದಗಳೊಡನೆ 'ಅಬೌಟ್'. ಇದು ಶಾಸನವಲ್ಲ, ಊರುಗೋಲು ಮಾತ್ರ. ನಿಶ್ಚಿತವಾದ ದಾರಿಯೆಂದರೆ, ಗುಣವಾಚಕವನ್ನು ಒಂಟಿಯಾಗಿ ಕಲಿಯದೆ ನೊಗಕ್ಕೆ ಹೂಡಿದ ಜೋಡಿ ಎತ್ತಿನಂತೆ ಜೊತೆಗಾರನೊಡನೆಯೇ ಕಲಿಯುವುದು. ನೋಟುಪುಸ್ತಕದಲ್ಲಿ 'ಪ್ರೌಡ್' ಎಂದಷ್ಟೇ ಬರೆಯದೆ 'ಪ್ರೌಡ್ ಆಫ್' ಎಂದು ಬರೆದು, ಕೆಳಗೆ ನಮ್ಮದೇ ಒಂದು ವಾಕ್ಯವನ್ನು ಸೇರಿಸಬೇಕು. ಜಪಾನಿನಲ್ಲಿ ಅಧ್ಯಾಪಕರಾಗಿದ್ದ ಎ. ಎಸ್. ಹಾರ್ನ್‌ಬಿಯವರು ಸಂಗಡಿಗರೊಡನೆ ರಚಿಸಿ 1942 ರಲ್ಲಿ ಟೋಕಿಯೋದಲ್ಲಿ ಹೊರಬಂದ ನಿಘಂಟೇ ಮುಂದೆ ಆಕ್ಸ್‌ಫರ್ಡಿನ ಕಲಿಯುವವರ ನಿಘಂಟಾಯಿತು. ಇಂಗ್ಲಿಷು ಮಾತೃಭಾಷೆಯಲ್ಲದವರಿಗಾಗಿಯೇ ಹುಟ್ಟಿದ ಗ್ರಂಥವದು. ಯಾವ ಪದಕ್ಕೆ ಯಾವ ಜೊತೆಗಾರನೆಂಬುದನ್ನು ಅಲ್ಲಿ ನೋಡಿ ತಿಳಿಯಬಹುದು.

ಕೊನೆಯದಾಗಿ ಒಂದು ಮಾತು. ಪರಭಾಷೆಯವರಿಗೆ ನಮ್ಮ ಕನ್ನಡವೇನೂ ಸುಲಭವಲ್ಲ. ಕೋಪ ಒಬ್ಬರ 'ಮೇಲೆ' ಏಕೆ, ಭಕ್ತಿ ಒಬ್ಬರ'ಲ್ಲಿ' ಏಕೆ, ಹೆದರುವುದು ಒಬ್ಬರಿ'ಗೆ' ಏಕೆ ಎಂದು ಅವರು ಕೇಳಿದರೆ ರೂಢಿ ಎನ್ನುವುದರ ಹೊರತು ನಮ್ಮಲ್ಲಿ ಉತ್ತರವಿಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲ್ಲರು ಇಂತಹ ಕನ್ನಡವನ್ನು ಕಲಿತು 1894 ರಲ್ಲಿ ನಮಗೇ ನಿಘಂಟನ್ನು ಕೊಟ್ಟರು. ಪ್ರಿಪೊಸಿಷನ್ ತಪ್ಪುವುದು ದಡ್ಡತನದ ಗುರುತಲ್ಲ. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವನು ಇನ್ನೊಂದಕ್ಕೆ ಕಾಲಿಡುವಾಗ ಆಗುವ ಎಡವು. ಎಡವಿದ್ದಕ್ಕಿಂತ ಎಡವಿದ ಮೇಲೆ ಬಾಯಿ ಮುಚ್ಚಿದ್ದೇ ಅಂದು ನನಗೆ ಹೆಚ್ಚಿನ ನಷ್ಟವನ್ನು ಮಾಡಿತು. ಹಳ್ಳಿಗಳಿಂದ ಬಂದ ನನ್ನ ಸಹಪಾಠಿಗಳು ಈ ನಷ್ಟಕ್ಕೆ ಒಳಗಾಗಬಾರದೆಂಬುದೇ ನನ್ನ ಆಸೆ.

ಕಳೆದ ವಾರ ಊರಿಗೆ ಹೋಗಿದ್ದಾಗ ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ತಂಗಿ, "ಅಣ್ಣ, 'ಅಫ್ರೇಡ್' ಆದ ಮೇಲೆ ಏನು ಬರುತ್ತೆ?" ಎಂದು ಕೇಳಿದಳು. ಕೇಳುವುದಕ್ಕೆ ನಮ್ಮ ಮನೆಯಲ್ಲಿ ಈಗ ಒಬ್ಬನಿದ್ದಾನೆ.