ತೆಂಕುತಿಟ್ಟಿನ ಹಿಮ್ಮೇಳ ಮತ್ತು ವಸತಿ ಶಿಕ್ಷಣ: ಕಲಿಸಿದವರು ಕಲಿತದ್ದು

ಯಕ್ಷಗಾನದಲ್ಲಿ ವೇಷಧಾರಿಗಳನ್ನು ಮುಮ್ಮೇಳವೆಂದೂ, ಭಾಗವತರು, ಮದ್ದಳೆಗಾರರು ಹಾಗೂ ಚೆಂಡೆಯವರು ಸೇರಿದ ಬಳಗವನ್ನು ಹಿಮ್ಮೇಳವೆಂದೂ ಕರೆಯುತ್ತಾರೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡು ಕಡೆಯ ಪದ್ಧತಿಯಾದ ತೆಂಕುತಿಟ್ಟಿನಲ್ಲಿ ಹಿಮ್ಮೇಳವು ಬಹುಕಾಲ ಮೇಳದ ತಿರುಗಾಟದಲ್ಲಿ, ಹಿರಿಯರ ಪಕ್ಕದಲ್ಲಿ ಕುಳಿತು ಬೆಳಗಿನವರೆಗೆ ಕೇಳಿಯೇ ಕರಗತವಾಗುತ್ತಿದ್ದ ವಿದ್ಯೆ. ಆ ಕಲಿಕೆಗೆ ಗುರುಕುಲದ ರೂಪ ಕೊಟ್ಟ ಪ್ರಯತ್ನಗಳಲ್ಲಿ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ 1970ರ ದಶಕದಲ್ಲಿ ನಡೆಯುತ್ತಿದ್ದ ಯಕ್ಷಗಾನ ಲಲಿತಕಲಾ ಕೇಂದ್ರವು ಮುಖ್ಯವಾದುದು. ಅಲ್ಲಿ ಮಾಂಬಾಡಿ ನಾರಾಯಣ ಭಾಗವತರು ಭಾಗವತಿಕೆಯನ್ನೂ, ನೆಡ್ಲೆ ನರಸಿಂಹ ಭಟ್ಟರು ಚೆಂಡೆ ಮದ್ದಳೆಗಳನ್ನೂ, ಪಡ್ರೆ ಚಂದು ಹಾಗೂ ಬಂಟ್ವಾಳ ತಾಲೂಕಿನ ಸೂರಿಕುಮೇರಿನ ಕೆ. ಗೋವಿಂದ ಭಟ್ಟರು ನಾಟ್ಯವನ್ನೂ ಕಲಿಸಿದ್ದರಿಂದ, ಹಾಡು, ಪೆಟ್ಟು ಮತ್ತು ಹೆಜ್ಜೆಗಳು ಬೇರೆ ಬೇರೆ ಪಾಠಗಳಾಗಿ ಉಳಿಯಲಿಲ್ಲ.

ಇಂತಹ ವಸತಿ ಶಿಬಿರಗಳಲ್ಲಿ ಕಲಿಸಿದವರಿಗೆ ಮೊದಲು ಮನವರಿಕೆಯಾಗುವುದೂ ಇದೇ. ಏಳು ಮಾತ್ರೆಗಳ ತ್ರಿವುಡೆ ತಾಳದ ಪದವನ್ನು ಒಬ್ಬಂಟಿಯಾಗಿ ತಪ್ಪಿಲ್ಲದೆ ಹಾಡುವ ವಿದ್ಯಾರ್ಥಿಯು ಮದ್ದಳೆ ಸೇರಿದೊಡನೆ ಲಯವನ್ನು ಓಡಿಸತೊಡಗುತ್ತಾನೆ. ಚೆಂಡೆಯೂ ಸೇರಿ, ಪದದ ಕೊನೆಯಲ್ಲಿ ಕುಣಿತಕ್ಕೆ ಅವಕಾಶ ಕೊಡುವ ಪೆಟ್ಟುಗಳ ಸರಣಿಯಾದ ಬಿಡ್ತಿಗೆ ಬಂದಾಗ ಪದವನ್ನು ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯದೆ ತಡವರಿಸುತ್ತಾನೆ. ಇದನ್ನು ವಿವರಣೆಯಿಂದ ತಿದ್ದಲಾಗದು. ಮದ್ದಳೆಯವನಿಗೆ ಪದವನ್ನೂ, ಹಾಡುವವನಿಗೆ ಮದ್ದಳೆಯ ಬಾಯಿತಾಳವನ್ನೂ ಹೇಳಿಕೊಟ್ಟು, ಒಬ್ಬರ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿದಾಗ ಮಾತ್ರ ಇಬ್ಬರ ಲಯವೂ ನೆಲೆಗೊಳ್ಳುತ್ತದೆಂಬುದು ಈ ಲೇಖಕನ ಅನುಭವ.

ಪತ್ತನಾಜೆಗೆ, ಅಂದರೆ ತುಳುನಾಡಿನ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಮೇಳಗಳ ತಿರುಗಾಟ ನಿಲ್ಲುವುದರಿಂದ ಕಲಾವಿದರಾದ ಗುರುಗಳಿಗೆ ಮಳೆಗಾಲವೇ ಬಿಡುವಿನ ಕಾಲ. ಆದರೆ ಆ ಥಂಡಿಗೆ ಮದ್ದಳೆಯ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಪಾಠದ ವೇಳೆ ವ್ಯರ್ಥವಾಗದಿರಲೆಂದು ಗುರುಗಳೇ ವಾದ್ಯವನ್ನು ಶ್ರುತಿಗೊಳಿಸಿ ಕೊಡುವುದಕ್ಕಿಂತ, ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸುವುದು ಲೇಸು. ಕಿವಿ ಪಳಗುವುದು ಅಲ್ಲಿಯೇ.

ಶ್ರುತಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಏರು ಶ್ರುತಿಯ ಹಾಡಿಕೆಗೆ ಹೆಸರಾದವರು. ಹಲವಾರು ಪ್ರಸಂಗಗಳನ್ನು ಕಂಠಸ್ಥ ಮಾಡಿಕೊಂಡಿದ್ದ ಅವರ ಕ್ರಮವು ಬಲಿಪ ಶೈಲಿಯೆಂದೇ ಮನ್ನಣೆ ಪಡೆಯಿತು. ಆ ಶೈಲಿಗೆ ಮಾರುಹೋದ ಎಳೆಯರು, ಗಂಟಲು ಒಡೆಯುವ ಪ್ರಾಯದಲ್ಲಿಯೇ ಅದೇ ಶ್ರುತಿಯನ್ನು ಹಿಡಿಯಲು ಹೆಣಗಿ ಸ್ವರ ಕೆಡಿಸಿಕೊಳ್ಳುವುದುಂಟು. ಪರಂಪರೆಯಿಂದ ಮೊದಲು ಪಡೆಯಬೇಕಾದುದು ಪದದ ಛಂದಸ್ಸಿಗೂ ಸನ್ನಿವೇಶಕ್ಕೂ ಹೊಂದುವ ನಡೆಯನ್ನು. ಶ್ರುತಿಯ ಎತ್ತರವು ಪ್ರಾಯ ಬಂದಂತೆ ಬರಲಿ.

ವಸತಿ ಶಿಕ್ಷಣದ ನಿಜವಾದ ಬೆಲೆ ತಿಳಿಯುವುದು ಪೂರ್ವರಂಗವನ್ನು ಕಲಿಸುವಾಗ. ಪ್ರಸಂಗದ ಕಥೆ ಆರಂಭವಾಗುವ ಮೊದಲು ಬಾಲಗೋಪಾಲ, ಸ್ತ್ರೀವೇಷ ಮುಂತಾದವುಗಳಿಗೆ ಹಾಡುವ ಈ ಭಾಗದಲ್ಲಿ ಹಳೆಯ ಪದಗಳೂ ತಾಳಗಳೂ ಉಳಿದುಕೊಂಡಿವೆ. ಆದರೆ ಕಾಲಮಿತಿಯ ಪ್ರದರ್ಶನಗಳಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ವಾರಕ್ಕೊಂದು ತರಗತಿಯಲ್ಲಿ ಇದನ್ನು ಮುಟ್ಟಲು ಸಮಯ ಸಾಲದು. ಮೊಬೈಲಿನ ಧ್ವನಿಮುದ್ರಣದಿಂದ ಪದ ಬಾಯಿಗೆ ಬಂದರೂ, ವೇಷದ ಹೆಜ್ಜೆಯನ್ನು ನೋಡುತ್ತ ಪದವನ್ನು ಹಿಗ್ಗಿಸುವ, ಕುಗ್ಗಿಸುವ ವಿವೇಚನೆ ಬಾರದು. ಗುರುಗಳೂ ಶಿಷ್ಯರೂ ಜೊತೆಗಿರುವ ಕಡೆ ಮಾತ್ರ ಬೆಳಗ್ಗೆ ಕಲಿತುದನ್ನು ರಾತ್ರಿ ರಂಗದಲ್ಲಿ ಪರೀಕ್ಷಿಸಿ, ಮರುದಿನ ತಿದ್ದಿಕೊಳ್ಳಲು ಸಾಧ್ಯ.

ಆದುದರಿಂದ ಯಕ್ಷಗಾನ ಶಿಬಿರಗಳನ್ನು ನಡೆಸುವವರು ನಾಟ್ಯಕ್ಕೆ ಕೊಡುವಷ್ಟೇ ಸಮಯವನ್ನು ಹಿಮ್ಮೇಳಕ್ಕೂ ಕೊಡಬೇಕು. ಪ್ರತಿ ಶಿಬಿರದ ಕೊನೆಯಲ್ಲಿ ಒಂದು ಪೂರ್ವರಂಗವನ್ನಾದರೂ ಮೊಟಕುಗೊಳಿಸದೆ ಆಡಿಸಬೇಕು.